ನೋಡುವವನ ಹೊಣೆ

ಕನ್ನಡ ಪಾಠ ಹೇಳುವವನಿಗೆ ಅಮೆರಿಕದ ಮೋಟಾರು ಪಂದ್ಯಗಳ ಹುಚ್ಚೇಕೆ ಎಂದು ಗೆಳೆಯರು ಕೇಳುವುದುಂಟು. ರುಚಿಗೆ ಕಾರಣ ಕೇಳಬಾರದೆಂದು ಹೇಳಿ ನಾನು ನುಣುಚಿಕೊಳ್ಳಬಹುದು. ಆದರೆ ಅವರು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯಿದೆ. ಅದರಿಂದ ನುಣುಚಿಕೊಳ್ಳುವುದು ಅಷ್ಟು ಸುಲಭವಲ್ಲ. ಆಡುವವನ ಪ್ರಾಣವೇ ಹೋಗಬಹುದಾದ ಆಟವನ್ನು ನೋಡಿ ಸಂತೋಷಪಡುವುದು ಸರಿಯೆ?

ಈ ಓಟಗಳಲ್ಲಿ ಎರಡು ಜಾತಿ. ಒಂದು ಸ್ಟಾಕ್ ಕಾರುಗಳದು. ನೋಡಲು ಮನೆಯ ಕಾರಿನಂತೆಯೇ ಮೈ ಮುಚ್ಚಿಕೊಂಡ ಭಾರಿ ಗಾಡಿಗಳು. ಒಂದನ್ನೊಂದು ಒರಸಿಕೊಂಡು, ತಳ್ಳಿಕೊಂಡು, ಜಾತ್ರೆಯ ನೂಕುನುಗ್ಗಲಿನಂತೆ ಸಾಗುತ್ತವೆ. ಇನ್ನೊಂದು ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುವ ಹಗುರ ಕಾರುಗಳದು. ಇಲ್ಲಿ ಚಕ್ರಕ್ಕೆ ಚಕ್ರ ತಾಗಿದರೆ ಕಾರು ಗಾಳಿಗೆ ಹಾರೀತು. ಆದ್ದರಿಂದ ಕೂದಲೆಳೆಯ ಅಂತರದಲ್ಲಿ ಹೋದರೂ ಮುಟ್ಟದಿರುವುದೇ ವಿದ್ಯೆ. ಮೊದಲನೆಯದರಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ಒರಟು ಹಾಸ್ಯ, ಎರಡನೆಯದರಲ್ಲಿ ಅದರ ನಾಜೂಕು. ಎರಡರಲ್ಲಿಯೂ ಸಾವು ಹತ್ತಿರದಲ್ಲಿಯೇ ನಿಂತಿರುತ್ತದೆ.

‘ಅವರೇ ಇಚ್ಛೆಪಟ್ಟು ಬಂದವರು, ಕೈತುಂಬ ಹಣ ಪಡೆಯುವವರು, ನೋಡುವ ನಿಮಗೇಕೆ ಚಿಂತೆ?’ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಚಾಲಕ ಒಪ್ಪಿ ಬಂದಿದ್ದರೆ ಅವನ ಲೆಕ್ಕ ಚುಕ್ತವಾಗಬಹುದು, ನನ್ನದು ಹೇಗೆ ಆದೀತು? ನಾನು ಏನನ್ನು ನೋಡಲು ಕುಳಿತಿದ್ದೇನೆ ಎಂಬುದು ನನ್ನ ಪ್ರಶ್ನೆ. ನಾಟಕದಲ್ಲಿ ಭಯಾನಕವನ್ನೂ ನಾವು ಸವಿಯುತ್ತೇವೆ. ಹಾಗೆ ಸವಿಯಲು ಸಾಧ್ಯವಾಗುವುದು, ತೆರೆ ಬಿದ್ದ ಮೇಲೆ ನಟ ಎದ್ದು ಬಣ್ಣ ತೊಳೆದುಕೊಂಡು ಮನೆಗೆ ಹೋಗುತ್ತಾನೆಂಬ ನೆಚ್ಚಿಕೆಯಿಂದ. ಅಷ್ಟಿದ್ದರೂ ಸಂಸ್ಕೃತ ನಾಟಕದ ಸಂಪ್ರದಾಯ ರಂಗದ ಮೇಲೆ ಮರಣವನ್ನು ತೋರಿಸಲು ಹಿಂಜರಿಯಿತು. ಭಾಸನ ‘ಊರುಭಂಗ’ದಂಥವು ಅಪವಾದಗಳು. ಓಟದ ಕಣದಲ್ಲಾದರೋ ತೆರೆಯೂ ಇಲ್ಲ, ಬಣ್ಣವೂ ಇಲ್ಲ.

‘ಅಪಾಯವೇ ಈ ಆಟಕ್ಕೆ ಉಪ್ಪು, ಅದನ್ನು ತೆಗೆದರೆ ಸಪ್ಪೆ’ ಎಂಬುದು ಅಭಿಮಾನಿಗಳ ಇನ್ನೊಂದು ಮಾತು. ಇದನ್ನು ಅನುಭವದಿಂದಲೇ ಪರೀಕ್ಷಿಸಬಹುದು. 2000ದಲ್ಲಿ ನಾಸ್ಕಾರ್ ಸರಣಿಗಳಲ್ಲಿ ಮೂವರು ಚಾಲಕರು ಸತ್ತರು. ಅವರಲ್ಲಿ ಆಡಮ್ ಪೆಟ್ಟಿಗೆ ಹತ್ತೊಂಬತ್ತೇ ವರ್ಷ. ತಲೆಯನ್ನೂ ಕತ್ತನ್ನೂ ಹಿಡಿದು ನಿಲ್ಲಿಸುವ ಸಾಧನ ಆಗಲೇ ಇತ್ತು, ಆದರೆ ಯಾರನ್ನೂ ಕಡ್ಡಾಯಪಡಿಸಲಿಲ್ಲ. 2001ರ ಫೆಬ್ರವರಿ 18ರಂದು, ಡೇಟೋನಾದ ಕೊನೆಯ ಸುತ್ತಿನಲ್ಲಿ, ಏಳು ಸಲ ಚಾಂಪಿಯನ್ ಆಗಿದ್ದ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ತೀರಿಕೊಂಡ. ಅವನೂ ಆ ಸಾಧನವನ್ನು ಧರಿಸಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಕಡ್ಡಾಯವಾಯಿತು. ಮರುವರ್ಷ ಇಂಡಿಯಾನಾಪೊಲಿಸ್‌ನಲ್ಲಿ, ಪೆಟ್ಟನ್ನು ತಾನೇ ನುಂಗುವ ಗೋಡೆ ಎದ್ದಿತು. ಅಲ್ಲಿಂದ ಇಪ್ಪತ್ತು ವರ್ಷಕ್ಕೂ ಮೀರಿದ ಕಾಲದಲ್ಲಿ ನಾಸ್ಕಾರ್‌ನ ಅಗ್ರ ಸರಣಿಯ ಓಟದಲ್ಲಿ ಒಬ್ಬ ಚಾಲಕನೂ ಸತ್ತಿಲ್ಲ. ಆಟ ಸಪ್ಪೆಯಾಯಿತೆ? ನನಗಂತೂ ಹಾಗನ್ನಿಸಿಲ್ಲ. 2018ರಲ್ಲಿ ಫಾರ್ಮುಲಾ ಒನ್ ಕಾರಿಗೆ ತಲೆಯ ಸುತ್ತ ಕಮಾನಿನಂಥ ಕವಚ ಬಂದಾಗಲೂ ವಿಕಾರವಾಯಿತೆಂದು ಗೊಣಗಿದವರು ಬಹಳ. ಚಾಲಕ ರೊಮೇನ್ ಗ್ರೋಜಾನ್ ಕೂಡ ಮೊದಲು ಅದಕ್ಕೆ ವಿರೋಧವಾಗಿದ್ದವನೇ. 2020ರ ನವೆಂಬರಿನಲ್ಲಿ ಬಹರೇನಿನಲ್ಲಿ ಅವನ ಕಾರು ತಡೆಬೇಲಿಯನ್ನು ಸೀಳಿ ಎರಡಾಗಿ ಉರಿಯಿತು. ಕೈ ಸುಟ್ಟುಕೊಂಡು ಅವನು ಜೀವಂತ ಹೊರಬಂದದ್ದಕ್ಕೆ ಆ ಕವಚವೂ ಕಾರಣ. ಅಂದವನ್ನು ಕೆಡಿಸಿದ ವಸ್ತು ತಲೆಯನ್ನು ಉಳಿಸಿತು.

ಆದರೆ ಗಂಟು ಇಲ್ಲಿಗೆ ಬಿಚ್ಚಲಿಲ್ಲ. 1987ರಲ್ಲಿ ಟಲ್ಲಡೆಗಾದಲ್ಲಿ ಬಾಬಿ ಆಲಿಸನ್‌ನ ಕಾರು ಮೇಲಕ್ಕೆದ್ದು ಪ್ರೇಕ್ಷಕರ ಮುಂದಿನ ತಂತಿಬೇಲಿಯನ್ನೇ ಹರಿಯಿತು. ಕೆಲವು ಪ್ರೇಕ್ಷಕರಿಗೆ ಗಾಯವಾಯಿತು. ಮರುವರ್ಷದಿಂದ ಅಂಥ ವೇಗದ ಕಣಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಗ್ಗಿಸುವ ತಗಡನ್ನು ಹಾಕಿ ವೇಗವನ್ನು ಇಳಿಸಿದರು. ಪ್ರೇಕ್ಷಕ ಸುರಕ್ಷಿತನಾದ. ಆದರೆ ಎಲ್ಲ ಕಾರುಗಳ ವೇಗವೂ ಒಂದೇ ಆಗಿ, ಅವು ಹಿಂಡುಗಟ್ಟಿ ಓಡತೊಡಗಿದವು. ಒಬ್ಬ ತಪ್ಪಿದರೆ ಹತ್ತಾರು ಕಾರುಗಳು ರಾಶಿಬೀಳುತ್ತವೆ. ಆ ರಾಶಿಗೆ ಅಭಿಮಾನಿಗಳು ‘ದೊಡ್ಡದು’ ಎಂದೇ ಹೆಸರಿಟ್ಟಿದ್ದಾರೆ; ಅದು ಯಾವಾಗ ಆದೀತೆಂದು ಕಾಯುವವರೂ ಉಂಟು. ನಮ್ಮನ್ನು ಕಾಪಾಡಲು ಮಾಡಿದ ನಿಯಮವೇ ನಮಗೊಂದು ಹೊಸ ಚಪಲವನ್ನು ಕಲಿಸಿತು. ಹಿಂಡಿನ ಓಟವನ್ನು ಜನ ಮೆಚ್ಚುವಾಗ ಅದನ್ನು ಕೈಬಿಡುವ ಧೈರ್ಯ ನಡೆಸುವವರಿಗೆ ಎಲ್ಲಿಂದ ಬಂದೀತು? ನೋಡುವವನು ಬರಿಯ ಸಾಕ್ಷಿಯಲ್ಲ ಎಂದು ನಾನು ಹೇಳುವುದು ಇದಕ್ಕಾಗಿಯೇ. ಅವನ ಚಪ್ಪಾಳೆಯೂ ಒಂದು ನಿಯಮವನ್ನು ಬರೆಯುತ್ತದೆ.

ಹಾಗೆಂದು ಈ ಆಟ ನಿಲ್ಲಲೆಂದು ನಾನು ಹೇಳಲಾರೆ. ಅಪಾಯದ ಎದುರಿನಲ್ಲಿ ಮನುಷ್ಯ ಸ್ಥಿರನಾಗಿರುವುದನ್ನು ಕಾಣುವುದು ಹೀನ ಸುಖವಲ್ಲ. ತೆಂಗಿನ ಮರದ ತುದಿಯಲ್ಲಿ ಕೆಲಸ ಮಾಡುವವನನ್ನು ನಾವು ನಿಂತು ನೋಡುವುದಿಲ್ಲವೆ? ಆದರೆ ಅವನು ಬೀಳಲೆಂದು ನಿಂತಿರುವುದಕ್ಕೂ, ಬೀಳದೆ ಇಳಿಯಲೆಂದು ನಿಂತಿರುವುದಕ್ಕೂ ಬಹಳ ದೂರ. ಇಬ್ಬರು ನೋಟಗಾರರೂ ಪಕ್ಕಪಕ್ಕದಲ್ಲಿ, ಅಷ್ಟೇ ಬೆಲೆಯ ಟಿಕೆಟಿನಲ್ಲಿ ಕುಳಿತಿರಬಹುದು. ಕೆಲವು ವೇಳೆ ಇಬ್ಬರೂ ಒಂದೇ ಮೈಯೊಳಗೆ ಇರುವುದೂ ಉಂಟು.

ಮನಸ್ಸು ತಿದ್ದಿಕೊಳ್ಳಬಲ್ಲದೆಂಬುದಕ್ಕೆ ಈ ಆಟದಲ್ಲಿಯೇ ಪುರಾವೆಯಿದೆ. 1955ರ ಇಂಡಿಯಾನಾಪೊಲಿಸ್ ಓಟದಲ್ಲಿ, ಹಿಂದಿನ ಎರಡು ವರ್ಷ ಗೆದ್ದಿದ್ದ ಬಿಲ್ ವುಕೊವಿಚ್ ಮುಂಚೂಣಿಯಲ್ಲಿರುವಾಗಲೇ ಸತ್ತ. ಓಟ ಮುಂದುವರಿದು ಇನ್ನೊಬ್ಬ ಗೆದ್ದ. 2011ರ ಅಕ್ಟೋಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಡ್ಯಾನ್ ವೆಲ್ಡನ್ ಸತ್ತಾಗ ಓಟವನ್ನು ಅಲ್ಲಿಗೇ ಕೈಬಿಟ್ಟರು. ಉಳಿದ ಚಾಲಕರು ಪೈಪೋಟಿಯಿಲ್ಲದೆ ಐದು ಸುತ್ತು ಮೆಲ್ಲಗೆ ಬಂದು ಗೌರವ ಸಲ್ಲಿಸಿದರು. ಗೆದ್ದವರಾರೂ ಇಲ್ಲದ ಆ ಐದು ಸುತ್ತುಗಳನ್ನು ಎದ್ದುಹೋಗದೆ ನೋಡಬಲ್ಲವನಿಗೆ ಮಿಕ್ಕ ಓಟಗಳನ್ನು ನೋಡುವ ಅಧಿಕಾರವುಂಟೆಂದು ನನ್ನ ಭಾವನೆ.