ಶೇಕಡಾ 3.1

ಶಿಷ್ಯೆ: ಮೇಷ್ಟ್ರೇ, 2024 ವೈಆರ್4 ಕ್ಷುದ್ರಗ್ರಹ 2032ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ 2025ರ ಜನವರಿ ಕೊನೆಗೆ ಶೇಕಡಾ 1 ದಾಟಿತ್ತು. ಫೆಬ್ರವರಿ 18ಕ್ಕೆ ಅದು 3.1. ಆಮೇಲೆ ಒಂದೇ ವಾರದಲ್ಲಿ ಭಯವಿಲ್ಲ ಅಂದರು. ಕಲ್ಲು ದಾರಿ ಬದಲಿಸಿತೇ?

ಮೇಷ್ಟ್ರು: ಇಲ್ಲಮ್ಮ. ಅದು ತನ್ನ ದಾರಿಯಲ್ಲೇ ಇತ್ತು. ಶುರುವಿನಲ್ಲಿ ಸಿಗುವ ಅಳತೆಗಳು ಕೆಲವೇ. ಹಾಗಾಗಿ 2032ರ ಆ ದಿನ ಅದು ಇರಬಹುದಾದ ಜಾಗದ ಹರವು ಲಕ್ಷಗಟ್ಟಲೆ ಕಿಲೋಮೀಟರ್, ಭೂಮಿ ಅದರೊಳಗೊಂದು ಚುಕ್ಕೆ. ಅಳತೆ ಹೆಚ್ಚಿದಂತೆ ಹರವು ಕುಗ್ಗುತ್ತದೆ. ಭೂಮಿ ಇನ್ನೂ ಒಳಗೇ ಇರುವವರೆಗೆ ಸಾಧ್ಯತೆ ಏರುತ್ತದೆ, ಹೊರಗೆ ಉಳಿಯಿತೋ, ಕುಸಿದುಬಿಡುತ್ತದೆ. 2004ರಲ್ಲಿ ಅಪೋಫಿಸ್ ಎಂಬ ಕ್ಷುದ್ರಗ್ರಹದ ವಿಷಯದಲ್ಲೂ ಹೀಗೇ ಆಗಿತ್ತು.

ಶಿಷ್ಯೆ: ಅಂದರೆ ಆ 3.1 ಆಕಾಶದಲ್ಲಿ ಎಲ್ಲೂ ಇರಲಿಲ್ಲ, ನಮ್ಮ ತಲೆಯಲ್ಲಿತ್ತು. ನಮಗೇ ಖಾತ್ರಿಯಿಲ್ಲದ್ದನ್ನು ಸಾರಿ ಜನರನ್ನು ಹೆದರಿಸಬೇಕೇ?

ಮೇಷ್ಟ್ರು: 2013ರ ಫೆಬ್ರವರಿ 15 ನೆನಪಿದೆಯೇ? ಅಂದು ಒಂದು ಕ್ಷುದ್ರಗ್ರಹ ಸುಮಾರು 27,700 ಕಿ.ಮೀ. ಎತ್ತರದಲ್ಲಿ, ಲೆಕ್ಕ ಹಾಕಿದ ಹಾಗೆಯೇ ಹಾದುಹೋಯಿತು. ಅದೇ ದಿನ, ಅದಕ್ಕೆ ಸಂಬಂಧವೇ ಇಲ್ಲದ ಸುಮಾರು 20 ಮೀಟರಿನ ಇನ್ನೊಂದು ಸೂರ್ಯನ ದಿಕ್ಕಿನಿಂದ ಬಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿಯಿತು. ಬೆಳಕು ಕಂಡು ಎಷ್ಟೋ ಮಂದಿ ಕಿಟಕಿಗೆ ಬಂದರು. ಸ್ವಲ್ಪ ಹೊತ್ತಿಗೆ ಆಘಾತದ ಅಲೆ ಬಂತು, ಗಾಜು ಒಡೆಯಿತು. ಸುಮಾರು 1,500 ಜನಕ್ಕೆ ಗಾಯ. ಅವರಿಗೆ ಯಾವ ಶೇಕಡಾವನ್ನೂ ಯಾರೂ ಹೇಳಿರಲಿಲ್ಲ. ಕಿಟಕಿಯಿಂದ ದೂರ ಇರಿ ಅನ್ನುವ ಒಂದು ಮಾತು ಸಾಕಿತ್ತು.

ಶಿಷ್ಯೆ: ಅಲ್ಲಿ ಮಾಡುವುದಕ್ಕೆ ಏನೋ ಇತ್ತು. ಕೈಯಲ್ಲಿ ಏನೂ ಇಲ್ಲದವರಿಗೆ ಹೇಳಿದರೆ ಬರೀ ಸಂಕಟ.

ಮೇಷ್ಟ್ರು: 2022ರ ಸೆಪ್ಟೆಂಬರ್‌ವರೆಗೆ ನಿನ್ನ ಮಾತು ಒಪ್ಪುತ್ತಿದ್ದೆ. ಆ ತಿಂಗಳು ನಾಸಾದ ಡಾರ್ಟ್ ನೌಕೆ, ದೊಡ್ಡ ಕ್ಷುದ್ರಗ್ರಹವೊಂದನ್ನು ಸುತ್ತುವ ಪುಟ್ಟ ಕ್ಷುದ್ರಗ್ರಹ ಡೈಮಾರ್ಫಸ್‌ಗೆ ಡಿಕ್ಕಿ ಹೊಡೆದು, ಅದರ ಸುತ್ತಿನ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ತಗ್ಗಿಸಿತು. ವರ್ಷಗಳ ಮೊದಲೇ ತಳ್ಳಿದರೆ ಸ್ವಲ್ಪ ತಳ್ಳಿದರೂ ಸಾಕು. ಆದರೆ ಖಾತ್ರಿಯಾಗಲಿ ಎಂದು ಕಾದು ಕೂತರೆ ಆ ವರ್ಷಗಳೇ ಉಳಿಯುವುದಿಲ್ಲ.

ಶಿಷ್ಯೆ: ತಳ್ಳುವುದು ಸಾಲದೆ ಹೋದರೆ? ವೈಆರ್4 ಬೀಳಬಹುದಾದ ಗೆರೆ ಪೆಸಿಫಿಕ್‌ನಿಂದ ಆಫ್ರಿಕಾ ದಾಟಿ ನಮ್ಮ ದಕ್ಷಿಣ ಏಷ್ಯಾದವರೆಗೂ ಹಾದಿತ್ತು. ಒಂದು ದೇಶದ ಮೇಲಿಂದ ಸರಿಸಿದ್ದು ಇನ್ನೊಂದರ ಮೇಲೆ ಬಿದ್ದರೆ, ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು?

ಮೇಷ್ಟ್ರು: ಅದಕ್ಕೇ ಹೇಳುವುದು. ನೌಕೆ ಹಾರಿಸುವ ಶಕ್ತಿ ಕೆಲವೇ ದೇಶಗಳದ್ದು, ಆ ಗೆರೆಯ ಕೆಳಗೆ ಬದುಕುವವರು ಕೋಟಿಗಟ್ಟಲೆ. ಸಂಖ್ಯೆ ಅರೆಬರೆಯಾಗಿದ್ದರೂ ಎಲ್ಲರಿಗೂ ಒಂದೇ ದಿನ ಸಿಗಬೇಕು. ಇಲ್ಲವಾದರೆ ಅವರು ಯಾವ ಆಧಾರದ ಮೇಲೆ ಬೇಡ ಅನ್ನಬೇಕು?