ಇಂದಿನ ಚಿಂತನೆ: ಅಭಿಮಾನವೋ, ಭಕ್ತಿಯೋ?



ಕಾಲೇಜು ಓದುವ ಮಗಳ ನೋಟ್‌ಬುಕ್ ತುಂಬ ಗ್ರೀಕ್ ಪುರಾಣದ ಮೆಡೂಸಾಳ ಚಿತ್ರಗಳು. ಫ್ಯಾನ್ ಆರ್ಟ್ ಅಂತೆ. ‘22 ಪ್ರತಿಜ್ಞೆ ತೆಗೆದುಕೊಂಡ ಮನೆಯಲ್ಲಿ ಮತ್ತೆ ದೇವರ ಕತೆಯೇ?’ ಎಂದು ಗದರಿದೆ.

‘ಅಪ್ಪಾ, ಓವಿಡ್ ಕವಿ ಹೇಳಿದ ಕತೆಯಲ್ಲಿ ಸಮುದ್ರದೇವ ಇವಳ ಮೇಲೆ ಗುಡಿಯಲ್ಲೇ ಅತ್ಯಾಚಾರ ಮಾಡಿದ. ಆ ಗುಡಿಯ ದೇವಿ ಶಿಕ್ಷಿಸಿದ್ದು ಇವಳನ್ನೇ. ಕೂದಲನ್ನೆಲ್ಲ ಹಾವು ಮಾಡಿದಳು. ಇದು ನ್ಯಾಯವಾ ಅಂತ ಕೇಳೋಕೆ ಬರೀತೀನಿ, ಕೈಮುಗಿಯೋಕಲ್ಲ’ ಎಂದಳು.

ಸುಮ್ಮನಾದೆ. ಕತೆಯನ್ನು ಪ್ರೀತಿಸುವುದು ತಪ್ಪಲ್ಲ. ಪ್ರಶ್ನೆ ನಿಂತಾಗ ಅಭಿಮಾನ ಭಕ್ತಿಯಾಗುತ್ತದೆ. ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೇ ಎಚ್ಚರಿಸಿದ್ದರು. ಅವರ ಫೋಟೋಗೆ ದಿನವೂ ಹಾರ ಹಾಕುತ್ತೇನೆ. ಅವರ ಪುಸ್ತಕ ತೆರೆದು ಎಷ್ಟು ದಿನವಾಯಿತು?

ಮಗಳನ್ನು ಗದರುವ ಮೊದಲು ಇದನ್ನು ಕೇಳಿಕೊಳ್ಳಬೇಕಿತ್ತು.

ಭವತು ಸಬ್ಬ ಮಂಗಲಂ.