ಜೋಳವಾಳಿಯ ಎಲ್ಲೆ

ಅನ್ನವಿಟ್ಟ ಒಡೆಯನಿಗೆ ನಿಷ್ಠನಾಗಿರುವ ಧರ್ಮವನ್ನು ನಮ್ಮ ಹಿರಿಯರು ಜೋಳವಾಳಿ ಎಂದು ಕರೆದರು. ಕತ್ತಿ ಹಿಡಿದವನು ಆ ಋಣವನ್ನು ಪ್ರಾಣ ಕೊಟ್ಟು ತೀರಿಸುತ್ತಿದ್ದನು. ಇಂದು ಶಸ್ತ್ರಾಸ್ತ್ರ ತಯಾರಿಸುವ ದೊಡ್ಡ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವ ಇಂಜಿನಿಯರು ರಣರಂಗವನ್ನೇ ಕಾಣುವುದಿಲ್ಲ. ಹಾಗಾದರೆ ಅವನ ಹೊಣೆ ಎಷ್ಟು?

1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದಲ್ಲಿ, ಸೌದಿ ಅರೇಬಿಯಾದ ಧಹ್ರಾನಿನಲ್ಲಿ ಅಮೆರಿಕದ 28 ಸೈನಿಕರು ಇರಾಕಿನ ಸ್ಕಡ್ ಕ್ಷಿಪಣಿಗೆ ಬಲಿಯಾದರು. ಅದನ್ನು ತಡೆಯಬೇಕಾಗಿದ್ದ ಪೇಟ್ರಿಯಾಟ್ ವ್ಯವಸ್ಥೆಯ ಕಂಪ್ಯೂಟರು, ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ಣವಾಗಿ ಬರೆಯಲಾಗದೆ ಕೊನೆಯ ಅಂಕಿಗಳನ್ನು ಕೈಬಿಡುತ್ತಿತ್ತು. ಸುಮಾರು 100 ಗಂಟೆ ನಿಲ್ಲಿಸದೆ ನಡೆಸಿದಾಗ ಆ ಅಣುವಿನಷ್ಟು ಲೋಪ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಬೆಳೆಯಿತು. ರೇಡಾರು ತಪ್ಪು ಜಾಗದಲ್ಲಿ ಹುಡುಕಿತು. ತಿದ್ದಿದ ಸಾಫ್ಟ್‌ವೇರ್ ಅಲ್ಲಿಗೆ ತಲುಪಿದ್ದು ಮರುದಿನ. ಕಾಯುವ ಆಯುಧವೆಂಬ ಕಾರಣಕ್ಕೇ ಅದನ್ನು ರೂಪಿಸಿದವನು ನಿಶ್ಚಿಂತನಾಗಿರಲು ಬರುವುದಿಲ್ಲ.

ಡೇವಿಡ್ ಪಾರ್ನಾಸ್ ಎಂಬ ಕಂಪ್ಯೂಟರ್ ವಿಜ್ಞಾನಿ ಅಮೆರಿಕದ ನೌಕಾಪಡೆಗೆ ವರ್ಷಗಟ್ಟಲೆ ಸಲಹೆಗಾರರಾಗಿದ್ದವರು. ರಕ್ಷಣಾ ಕಾರ್ಯವೇ ತಪ್ಪೆಂದವರಲ್ಲ. ಆದರೂ ಕ್ಷಿಪಣಿಗಳನ್ನು ಆಕಾಶದಲ್ಲೇ ತಡೆಯುವ ರೇಗನ್ ಯೋಜನೆಯ ಸಾಫ್ಟ್‌ವೇರನ್ನು ನಂಬಲಾಗದೆಂದು 1985ರಲ್ಲಿ ಅದರ ಸಮಿತಿಗೆ ರಾಜೀನಾಮೆ ಕೊಟ್ಟು, ಕಾರಣಗಳನ್ನು ಬರೆದು ಪ್ರಕಟಿಸಿದರು.

ಯುದ್ಧವು ಧರ್ಮವೋ ಅಧರ್ಮವೋ ಎಂಬ ವಿಚಾರಕ್ಕೆ ರಾಜ್ಯವೂ ಪ್ರಜೆಗಳೆಲ್ಲರೂ ಉತ್ತರ ಹೇಳಬೇಕು. ಆದರೆ ಯಂತ್ರದ ಒಳಗಿನ ದೋಷವನ್ನು ಬಲ್ಲವನು ಅದನ್ನು ಬರೆದವನೊಬ್ಬನೇ ಆಗಿರುವಾಗ, ಆ ಹೊಣೆಯನ್ನು ಬೇರೆಯವರು ಹೊರಲಾರರು. ಸಂಸಾರವಿರುವವರೆಲ್ಲ ಕೆಲಸ ಬಿಡಬೇಕೆಂದು ಹೇಳುವುದು ಸುಲಭ, ನ್ಯಾಯವಲ್ಲ. ತಿಳಿದೂ ತಿಳಿದೂ ‘ಸರಿಯಾಗಿದೆ’ ಎಂದು ಸಹಿ ಹಾಕದಿರಲಿ ಎಂದಷ್ಟೇ ಕೇಳಬಹುದು. ಸಂಬಳ ದುಡಿಮೆಗೆ ಕೊಡುವುದು, ಮೌನಕ್ಕಲ್ಲ. ಇಂತಹ ಉದ್ಯೋಗಕ್ಕೆ ಹೊರಡುವ ಮಕ್ಕಳಿಗೆ ಮನೆಯ ಹಿರಿಯರು ಜೋಳವಾಳಿಯ ಜೊತೆಗೆ ಅದರ ಎಲ್ಲೆಯನ್ನೂ ಹೇಳಿ ಕಳುಹಿಸಬೇಕು.